ಉಪ್ಪುನೀರಿನ ಗುಂಡಿ

ಹರಗೋಲಿನಿಂದ ಬಗ್ಗಿ ಹೊಳೆನೀರು ನೆಕ್ಕಿದವನೇ ಥೂ ಎಂದು ಉಗಿದ. ಕರಾವಳಿಯಿಂದ ಕಂಪ್ಲಿಗೆ ಬಂದು ನನ್ನ ಜೊತೆ ಹುಟ್ಟು ಹಾಕುತ್ತಿದ್ದ ಅಂಬಿಗ ಅವನು.

"ಸಪ್ಪೆ ಮಾರಾಯ. ನಮ್ಮ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ನೀರು ನೆಕ್ಕಿದರೆ ಸಾಕು, ಕೆಸರಲ್ಲಿ ಯಾವ ಚಿಪ್ಪಿ ಉಂಟು ಅಂತ ಉಪ್ಪೇ ಹೇಳ್ತದೆ."

ಅವನ ಬಸುರಿ ಹೆಂಡತಿಗೆ ಆ ಚಿಪ್ಪಿಯದೇ ಬಯಕೆ. ಬೇರೇನೂ ತಿನ್ನುತ್ತಿರಲಿಲ್ಲ. ಇವನು ದಡದಲ್ಲಿ ಗುಂಡಿ ತೋಡಿ, ನೀರು ತುಂಬಿ, ಉಪ್ಪು ಸುರಿದು, ನಮ್ಮ ಹೊಳೆಯ ಚಿಪ್ಪಿಗಳನ್ನು ಬಿಟ್ಟ.

"ಉಪ್ಪಿನಕಾಯಿ ಹಾಕ್ತೀಯೇನಣ್ಣಾ?" ಎಂದೆ.

"ಉಪ್ಪು ಕುಡಿದರೆ ನಮ್ಮೂರಿನದ್ದೇ ಆಗ್ತದೆ."

ಮರುದಿನ ಎಲ್ಲವೂ ಬಾಯಿ ತೆರೆದು ಸತ್ತಿದ್ದವು. ಅವನು ಗುಂಡಿಯ ನೀರು ನೆಕ್ಕಿದ.

"ಊರಿನ ನೀರಿನ ಹಾಗೇ ಉಂಟಲ್ಲ! ಮತ್ತೆ ಯಾಕೆ ಸತ್ತವು?"

"ನನಗೇನ್ ಗೊತ್ತಣ್ಣಾ?"

ಗುಡಿಸಲಿನಿಂದ ಅವಳು ಕೂಗಿದಳು: "ಚಿಪ್ಪಿ ಆಯ್ತಾ?"

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.