ಪ್ಲೇಟು ನೆಟ್ಟಗೆ ಮಾಡುತ್ತಿದ್ದ ಕಾಕಾ

ಕಾಕಾನ ಬಲಗೈ ಹಿಂಭಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಎಡಗೈ ಮೇಲೆ ದಟ್ಟವಾಗಿದ್ದವು. ಶಾಖ ನೋಡಲು ಬಿಸಿ ಕಲ್ಲಿಗೆ ತಾಗಿಸಿ ತಾಗಿಸಿ ಬಲಗೈಯ ಚರ್ಮ ನುಣ್ಣಗಾಗಿ ಕಂದಿತ್ತು. ಅಂಗೈಯಿಂದ ಯಾಕೆ ಮುಟ್ಟಿ ನೋಡುವುದಿಲ್ಲ ಎಂದು ಕೇಳಿದರೆ, “ಅಂಗೈಗೆ ಏನ್ ತಿಳೀತದ ಯವ್ವಾ, ಅದು ಕೆಲಸ ಮಾಡಿ ಮಾಡಿ ಮೊಂಡ ಆಗ್ಯಾದ. ಕೂಸಿಗೆ ಜ್ವರ ಬಂದ್ರ ಹೆಂಗ ನೋಡ್ತಿ? ಹಂಗ ನೋಡಬೇಕು” ಎನ್ನುತ್ತಿದ್ದರು.

ಅವರು ನನ್ನ ಸ್ವಂತ ಚಿಕ್ಕಪ್ಪನೇನಲ್ಲ. ಸುರಪುರದ ರಂಗಂಪೇಟೆಯಲ್ಲಿ ಮನೆಯ ಪಡಸಾಲೆಯಲ್ಲೇ ಕೂತು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು, ಓಣಿಗೆಲ್ಲ ಕಾಕಾ. ರಿಪೇರಿಗೆ ಬರುವವರು ಕಡಿಮೆಯಾದ ಮೇಲೆ ಅವರಿಗೊಂದು ಹೊಸ ಹುಚ್ಚು ಹಿಡಿಯಿತು. ಸೊಟ್ಟಗಾದ ಹಳೆಯ ಗ್ರಾಮಫೋನ್ ಹಾಡಿನ ಪ್ಲೇಟುಗಳನ್ನು ನೆಟ್ಟಗೆ ಮಾಡುವುದು! ನಮ್ಮ ಕಡೆಯ ಬಿಸಿಲಿಗೆ ಮನುಷ್ಯರೇ ಬಾಗುತ್ತಾರೆ, ಪ್ಲೇಟಿನ ಮಾತೇನು. ಅದಕ್ಕೆ ಬೇಕಾದ ಸಾಧನವನ್ನೂ ಅವರೇ ಮಾಡಿಕೊಂಡಿದ್ದರು. ಕೆಟ್ಟುಹೋದ ದೊಡ್ಡ ರೇಡಿಯೋದ ಕಟ್ಟಿಗೆಯ ಪೆಟ್ಟಿಗೆ, ಒಳಗೆ ಎರಡು ಬಲ್ಬು, ಮೇಲೆ ತೆಳ್ಳನೆಯ ಶಹಾಬಾದ್ ಕಲ್ಲು. ಆ ಕಲ್ಲಿನ ಮೇಲೆ ಎರಡು ಗಾಜುಗಳ ನಡುವೆ ಪ್ಲೇಟು, ಅದರ ಮೇಲೆ ಇನ್ನೊಂದು ಕಲ್ಲು, ಎಲ್ಲದರ ಮೇಲೆ ಸಣ್ಣದೊಂದು ಚೀಲ ಜೋಳ. ಬಿಸಿ ಹದಕ್ಕೆ ಬಂದಾಗ ಬಲ್ಬು ಆರಿಸಿ, ಮರುದಿನದವರೆಗೆ ಮುಟ್ಟದೆ ತಣಿಯಲು ಬಿಡುತ್ತಿದ್ದರು. “ಬೀಸಾಕ ಜ್ವಾಳ ಬೇಕಂದ್ರ, ತಡಿ, ಕೆಳಗ ಹಾಡು ಮಲಗ್ಯಾದ ಅಂತಾರ” ಎಂದು ಅವರ ಹೆಂಡತಿ, ನಮ್ಮ ಕಾಕು, ರೇಗುತ್ತಿದ್ದರು.

ನಾನು ಶಹಾಪುರದಲ್ಲಿ ಶಾಲಾ ಶಿಕ್ಷಕಿ. ಮನೆ ಬದಲಿಸುವಾಗ ತಗಡಿನ ಕೆಳಗಿನ ಅಟ್ಟದಲ್ಲಿ ಅವ್ವನ ಪ್ಲೇಟು ಸಿಕ್ಕಿತು. ನಾನು ಮಾತು ಕಲಿಯುವ ಮೊದಲೇ ತೀರಿಕೊಂಡ ಅವ್ವ. ದೇವಾಪುರದ ನಾಲ್ಕು ಹೆಣ್ಣುಮಕ್ಕಳು ಹೈದರಾಬಾದಿಗೆ ಹೋಗಿ ಹಾಡಿ ಬಂದ ಸೋಬಾನೆ ಪದ ಅದು. ಮೊದಲ ಎರಡು ಸಾಲು ಅವ್ವ ಒಬ್ಬಳೇ ಹೇಳುತ್ತಾಳೆ, ಉಳಿದವರು ಆಮೇಲೆ ದನಿಗೂಡುತ್ತಾರೆ ಎಂದು ಅಪ್ಪ ಹೇಳುತ್ತಿದ್ದ. ನಾನು ಕೇಳಿರಲಿಲ್ಲ, ಹಚ್ಚುವ ಯಂತ್ರವೇ ನಮ್ಮಲ್ಲಿರಲಿಲ್ಲ. ಸಿಕ್ಕಾಗ ನೋಡಿದರೆ ಪ್ಲೇಟು ಸುಟ್ಟ ಹಪ್ಪಳದ ಹಾಗೆ ಸುರುಟಿತ್ತು.

ಕಾಕಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಒಂದ ಸಲ ಕಾಸಬಹುದು. ಎರಡನೇ ಸಲ ಕಾಸಿದ್ರ ಗೆರಿ ಅಳಿಸಿ ಹೋಗ್ತಾವ. ನಿಮ್ಮವ್ವ ಉಳಿಯಂಗಿಲ್ಲ.”

ಬಿಸಿ ಹದಕ್ಕೆ ಬಂತು. ಬಲ್ಬು ಆರಿಸಿ, “ನಾಳಿ ಬಾ. ನಡುವ ಯಾರೂ ತೆಗೀಬ್ಯಾಡ್ರಿ” ಎಂದು ಹೇಳಿ ಅವರು ಚಹಾ ಕುಡಿಯಲು ಹೋದರು. ಕಾಕು ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬಸ್ಸಿಗೆ ಹೊರಡಬೇಕಾದವಳು ಅಲ್ಲೇ ನಿಂತೆ. ನಲವತ್ತು ವರ್ಷ ಅವ್ವನ ದನಿ ಇಲ್ಲದೆ ಬದುಕಿದವಳಿಗೆ ಒಂದು ದಿನ ಕಾಯಲು ಆಗಲಿಲ್ಲ. ಚೀಲ ಇಳಿಸಿ, ಕಲ್ಲು ಎತ್ತಿ, ಗಾಜು ಸರಿಸಿದೆ. ಚಪ್ಪಟೆಯಾಗಿ ಮಲಗಿದ್ದ ಪ್ಲೇಟಿನ ಒಂದು ಅಂಚು ನನ್ನ ಕಣ್ಣೆದುರೇ ಮೆಲ್ಲಗೆ ಮೇಲೆದ್ದಿತು. ಅವಸರದಲ್ಲಿ ಎಲ್ಲವನ್ನೂ ಮೊದಲಿನಂತೆ ಹೇರಿ, ಕಾಕಾ ಬರುವಷ್ಟರಲ್ಲಿ ಬಸ್ ಸ್ಟ್ಯಾಂಡು ಸೇರಿದೆ.

ಮರುದಿನ ಕಾಕಾ ತಮ್ಮ ಯಂತ್ರದಲ್ಲಿ ಪ್ಲೇಟು ಹಚ್ಚಿದರು. ಮೊದಲು ಸರಸರ ಸದ್ದು, ಆಮೇಲೆ ಅವ್ವ. ನನಗಿಂತ ಎಷ್ಟೋ ಚಿಕ್ಕವಳ ದನಿ! ಅತ್ತುಬಿಟ್ಟೆ. ಆದರೆ ಮೊದಲ ಸಾಲಿನ ಕೊನೆಗೆ ಅವ್ವ ಉದ್ದಕ್ಕೆ ಎಳೆದ ದನಿ ಜೋಲಿ ಹೊಡೆಯಿತು. ಕಾಕಾ ತಲೆ ತಗ್ಗಿಸಿ, “ಅಂಚಿಗೆ ಒಂಚೂರು ಸೊಟ್ಟ ಉಳದಾದ. ನನ್ನ ಕೈ ತಪ್ಪ್ಯಾದ ಯವ್ವಾ, ಮನಸಿಗೆ ಹಚ್ಕೋಬ್ಯಾಡ” ಎಂದರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ವರ್ಷಗಟ್ಟಲೆ, ಪ್ಲೇಟು ಹಿಡಿದುಕೊಂಡು ಅವರ ಮನೆಗೆ ಹೋಗುತ್ತಿದ್ದೆ. ಆ ಜಾಗ ಬಂತೆಂದರೆ ಸಾಕು, ಕಾಕಾ ಜೋರಾಗಿ ಕೆಮ್ಮುತ್ತಿದ್ದರು. ತಮ್ಮ ತಪ್ಪು ನನಗೆ ಕೇಳಿಸದಿರಲಿ ಎಂಬ ಸಂಕೋಚ ಅದು ಎಂದುಕೊಂಡು ನಾಚಿಕೆಯಿಂದ ಸಾಯುತ್ತಿದ್ದೆ. ಇವತ್ತು ಹೇಳಿಯೇ ಬಿಡಬೇಕು ಎಂದು ಪ್ರತಿ ಸಲ ಬಸ್ಸು ಹತ್ತುತ್ತಿದ್ದೆ, ಚಹಾ ಕುಡಿದು ಹಾಗೇ ವಾಪಸ್ಸು ಬರುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ವಾರದ ಮೇಲೆ ಹೋದಾಗ ಕಾಕು ಆ ಪೆಟ್ಟಿಗೆಯನ್ನೂ ಹಾಡಿನ ಯಂತ್ರವನ್ನೂ ನನ್ನ ಮುಂದೆ ಇಟ್ಟರು. “ಇವು ನಿನಗ ಕೊಡಂತ ಹೇಳ್ಯಾರ. ಇನ್ನ ಮ್ಯಾಲ ನಡುವ ತೆಗದು ನೋಡಬ್ಯಾಡಂತ ಹೇಳು ಅಂದಾರ.”

“ಕಾಕಾಗ ಗೊತ್ತಿತ್ತೇನು?” ಎಂದೆ.

“ಜ್ವಾಳದ ಚೀಲದ ಬಾಯಿ ಯಾವಾಗೂ ಗ್ವಾಡಿ ಕಡಿ ಇಡ್ತಿದ್ರು” ಎಂದರು ಕಾಕು. “ಅವತ್ತು ಬಾಗಿಲ ಕಡಿ ಇತ್ತು. ಬಂದ ಕೂಡ್ಲೇ ನೋಡಿದ್ರು. ‘ತಾಯಿ ದನಿ, ಹೆಂಗ ತಡ್ಕೋತಾಳ ಪಾಪ’ ಅಂದ್ರು, ಅಷ್ಟ.”

ಎಲ್ಲ ಗೊತ್ತಿದ್ದೂ ಅಷ್ಟು ವರ್ಷ ಕೆಮ್ಮಿದ್ದರು. ಈಗ ನಮ್ಮ ಮನೆಯಲ್ಲಿ ಪ್ಲೇಟು ಹಚ್ಚಿದರೆ ಆ ಸಾಲಿನ ಕೊನೆಯಲ್ಲಿ ಅವ್ವನ ದನಿ ಜೋಲಿ ಹೊಡೆಯುವುದು ಪೂರ್ತಿ ಕೇಳಿಸುತ್ತದೆ. ಕಾಕಾ ಒಂದು ಸಲ ಕೆಮ್ಮಬಾರದೇ ಎಂದು ಜೀವ ಹಂಬಲಿಸುತ್ತದೆ.