ಕಾಕಾ ಕೊಡದ ದಾಲ್ಚಿನ್ನಿ

ನಿನ್ನೆ ಮಸಾಲೆ ಖಾರಕ್ಕೆಂದು ದಾಲ್ಚಿನ್ನಿ ಹುರಿಯುತ್ತಿದ್ದೆ. ಆ ಘಮ ಮೂಗಿಗೆ ಬಡಿದದ್ದೇ ತಡ, ಬ್ಯಾಡಗಿಯ ನಮ್ಮ ಓಣಿಯ ಕಿರಾಣಿ ಅಂಗಡಿ ಕಾಕಾ ಕಣ್ಣ ಮುಂದೆ ಬಂದು ನಿಂತರು...

ಯಾರ ಮನೆಯವರು ಎಷ್ಟು ಮೆಣಸಿನಕಾಯಿ ಕುಟ್ಟಿಸುತ್ತಾರೆ, ಅದಕ್ಕೆ ಎಷ್ಟು ಲವಂಗ, ಎಷ್ಟು ದಾಲ್ಚಿನ್ನಿ ಎಂಬುದೆಲ್ಲ ಅವರಿಗೆ ಬಾಯಿಪಾಠ. ಬೇಸಿಗೆಯಲ್ಲಿ ಒಮ್ಮೆ ಒಯ್ದರೆ ಮತ್ತೆ ವರ್ಷ ತುಂಬುವವರೆಗೆ ನಾವ್ಯಾರೂ ದಾಲ್ಚಿನ್ನಿ ಕೇಳುತ್ತಿರಲಿಲ್ಲ.

ಅಂಥದ್ದರಲ್ಲಿ ಒಂದು ಶ್ರಾವಣದಲ್ಲಿ ನಮ್ಮವ್ವ ಎರಡು ಸಲ ತಂದಳು. ಮೂರನೆಯ ಸಲ ಕಾಕಾ ಕೊಡಲೇ ಇಲ್ಲ. ಅವ್ವ ಮುಖ ಸಣ್ಣದು ಮಾಡಿಕೊಂಡು ಬರಿಗೈಲಿ ಬಂದಳು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ನೆಟ್ಟಗೆ ಅಂಗಡಿಗೆ ಹೋದೆ.

“ಸಾಮಾನು ಕೊಡಾಕ ಏನ್ ಧಾಡಿ ಆಗೇತ್ರಿ ಕಾಕಾ?”

“ಶ್ರಾವಣದಾಗ ಯಾರವ್ವಾ ಖಾರ ಕುಟ್ಟಸ್ತಾರ? ಅಡಗಿಗೆ ಒಂದ್ ತುಣುಕು ಹಾಕ್ರಿ, ರುಚೀನೂ ಆತು, ಹೊಟ್ಟಿಗೂ ಚಲೋ. ನಿಮ್ಮವ್ವ ಸಕ್ಕರಿ ಬ್ಯಾನಿ ಇಳೀತೈತಂತ ದಿನಾ ಕುದಿಸಿ ಕುಡ್ಯಾಕತ್ಯಾಳಂತ. ಗುಳಿಗಿ ನುಂಗತಾಳೋ ಇಲ್ಲೋ, ಮದಲ ಅದನ್ನ ನೋಡ ಹೋಗು.”

ಮೈಯೆಲ್ಲ ಉರಿಯಿತು. “ನಮ್ಮ ಮನಿ ಉಸಾಬರಿ ನಿಮಗ್ಯಾಕ್ರಿ?” ಎಂದು ಗಿರಾಕಿಗಳ ಎದುರೇ ಒದರಿ ಬಂದೆ.

ಆದರೂ ಮನಸ್ಸು ಕೇಳಲಿಲ್ಲ. ಅವ್ವನ ಟ್ರಂಕು ತೆಗೆದರೆ, ಸೀರೆಗಳ ನಡುವೆ ಗುಳಿಗೆ ತಂದದ್ದು ತಂದ ಹಾಗೇ ಇದ್ದವು! ದಾಲ್ಚಿನ್ನಿ ಯಾಕೆ ಕುಡಿಯುತ್ತಿ ಎಂದರೆ ಅವ್ವ, “ದಿನಾ ತಿನ್ನೂ ಮಸಾಲಿ, ಅದೇನ್ ಮಾಡತೈತಿ ಬಿಡ” ಎಂದಳು. ಪಾದದಲ್ಲಿ ಗಾಯವಾಗಿ ಕೀವು ಕಟ್ಟಿದ್ದನ್ನೂ ಮುಚ್ಚಿಟ್ಟಿದ್ದಳು ಪುಣ್ಯಾತಗಿತ್ತಿ. ಅವತ್ತೇ ಹಾವೇರಿಗೆ ಕರೆದೊಯ್ದೆ. ದಾಲ್ಚಿನ್ನಿ ಗುಳಿಗೆಯ ಬದಲಿ ಅಲ್ಲ, ಪೇಟೆಯ ದಪ್ಪ ತೊಗಟೆಯದನ್ನು ದಿನವೂ ಹೆಚ್ಚು ಕುಡಿದರೆ ಲಿವರಿಗೂ ಕುತ್ತು ಎಂದು ಡಾಕ್ಟರು ಬೈದರು. “ಇನ್ನೊಂದ್ ವಾರ ಬಿಟ್ಟಿದ್ರ ಕಾಲು ಉಳೀತಿರಲಿಲ್ಲ” ಎಂದರು.

ಅವ್ವನ ಕಾಲು ಉಳಿಯಿತು. ಕಾಕಾನ ಮುಂದೆ ತಪ್ಪಾಯಿತು ಅನ್ನಬೇಕಿತ್ತು... ನಾಚಿಕೆ. ಮರುವರ್ಷ ಮಸಾಲೆ ಸಾಮಾನನ್ನು ರಾಣೆಬೆನ್ನೂರಿನಿಂದ ತಂದೆ. ದಾರಿಯಲ್ಲಿ ಸಿಕ್ಕರೆ ಅವರೇ, “ಅವ್ವ ಆರಾಮ ಅದಾಳಿಲ್ಲೋ?” ಎಂದು ಕೇಳುತ್ತಿದ್ದರು. ನಾನು ಹೂಂಗುಟ್ಟಿ ದಾಟುತ್ತಿದ್ದೆ. ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು... ಒಂದು ಮುಂಜಾನೆ ಅಂಗಡಿ ಬಾಗಿಲು ತೆರೆಯಲಿಲ್ಲ. ಕಾಕಾ ಹೋಗಿಬಿಟ್ಟಿದ್ದರು. ನನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ!

ಈ ವರ್ಷ ಧೈರ್ಯ ಮಾಡಿ ಅದೇ ಅಂಗಡಿಗೆ ಹೋದೆ. ಈಗ ಅವರ ಸೊಸೆ ಕೂರುತ್ತಾಳೆ. ದಾಲ್ಚಿನ್ನಿ ಪೊಟ್ಟಣ ಕಟ್ಟುವ ಮೊದಲು ಕೈ ತಡೆದು ಕೇಳಿದಳು:

“ಅಕ್ಕಾರ, ಇದು ಖಾರಕ್ಕ ಹೌದಲ್ರಿ? ನಿಮ್ಮ ಮನಿಗೆ ಕೇಳೇ ಕೊಡು ಅಂತ ಮಾವಾರು ಹೇಳಿದ್ರು.”

“ಖಾರಕ್ಕನ ತಂಗಿ. ನಮ್ಮವ್ವ ಈಗ ದಿನಾ ಗುಳಿಗಿ ನುಂಗತಾಳ” ಎಂದೆ.

ಆ ಮಾತು ಕೇಳಬೇಕಾಗಿದ್ದವರು ಅವಳ ಹಿಂದೆ, ಗೋಡೆಯ ಮೇಲಿನ ಫೋಟೋದಲ್ಲಿದ್ದರು.