ಅಂಜಲ್ ಮನೆಗೆ ಫೋನು

೧೯೯೭ರಲ್ಲಿ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕುಂದಾಪುರದಲ್ಲಿ ಟಿವಿ ರಿಪೇರಿ ಕಲಿತು, ದುಡಿದು, ಬೈಂದೂರಿನಲ್ಲಿ ನನ್ನದೇ ಮೊಬೈಲ್ ಅಂಗಡಿ ಹಾಕಿದೆ.

ಟಚ್ ಫೋನ್ ಬಂದ ಹೊಸದರಲ್ಲಿ, ಮನೆಮನೆಗೆ ಮೀನು ಮಾರುವ ಅಕ್ಕ ಒಬ್ಬರು ನನ್ನಲ್ಲಿ ಒಂದು ಕೊಂಡರು. ಓದು ಬಾರದ ಅವರಿಗೆ ಗಿರಾಕಿಗಳಿಗೆ ತಾವೇ ಫೋನ್ ಮಾಡುವ ಆಸೆ. ಒಂದೊಂದು ನಂಬರಿಗೂ ಗುಲಾಬಿ, ತಾವರೆ, ಗಿಳಿ ಎಂದು ಚಂದದ ಚಿತ್ರ ಹಾಕಿಕೊಟ್ಟೆ. ಮರುದಿನವೇ ಬುಟ್ಟಿ ಸಮೇತ ಬಂದರು.

“ಹ್ವಾಯ್, ಇದ್ ವಾಪಸ್ ತಕಣಿ. ಗುಲಾಬಿ ಅಂದ್ರೆ ಯಾರ್ ಮನಿ ಅಂದೇಳಿ ನಂಗೆಂತ ಗೊತ್ತ್? ಅದ್ ಅಂಜಲ್ ಮನಿ, ಇದ್ ಬಂಗ್ಡಿ ಮನಿ!”

ಯಾವ ಮನೆಯವರು ಯಾವ ಮೀನು ಕೊಳ್ಳುತ್ತಾರೋ ಅದೇ ಅವರ ಗುರುತು. ಕೌಂಟರಿನ ಮೇಲೆ ಪೇಪರ್ ಹಾಸಿ, ಬುಟ್ಟಿಯ ಮೀನಿನದೇ ಫೋಟೊ ಹೊಡೆದು, ಪರದೆ ತುಂಬ ದೊಡ್ಡದಾಗಿ ಜೋಡಿಸಿದೆ. ಬಂಗುಡೆ ಮನೆಗಳು ಎರಡು ಬಂದವು.

“ಎಂತ ಮಾಡುದ್ ಅಕ್ಕ?”

“ಒಬ್ರಿಗೆ ತಲಿ ತೆಗ್ದೇ ಕೊಡ್ಕ್. ಅವ್ರಿಗೆ ತಲಿ ಇಲ್ದಿದ್ದದ್ದ್ ಹಾಕಿ!”

ಸೆರಗಿಗೆ ಬೆರಳು ಒರೆಸಿ ಅಂಜಲ್ ಒತ್ತಿದರು. ಆಚೆಯಿಂದ ಧ್ವನಿ ಬಂತು. “ನಾನೇ ಫೋನ್ ಮಾಡಿದ್ದ್ ಅಮಾ, ಬೇರೆ ಯಾರೂ ಅಲ್ಲ,” ಎಂದರು.

ಈಗ ನನಗೆ ಬೈಂದೂರು, ಬ್ರಹ್ಮಾವರಗಳಲ್ಲಿ ಎರಡು ಅಂಗಡಿ, ನಾಲ್ಕು ಜನ ಕೆಲಸದವರು, ಮೀನಿನ ಪರದೆ ಮಾಡಿಸಿಕೊಂಡ ಹನ್ನೊಂದು ಅಕ್ಕಂದಿರು.